ಕತ್ತರಿ ಕೈಗೆ ಕೊಡಹೋದ ಮಂತ್ರಿ

ದೆಹಲಿ, ಬುಧವಾರ

ಹೊಸಹೊಳಲಿನ ಅಣ್ಣನಿಗೆ ತಮ್ಮ ಮೌನೇಶನ ನಮಸ್ಕಾರ. ನೀನು ನನ್ನೊಡನೆ ಮಾತು ಬಿಟ್ಟು ಮೂರು ವರ್ಷವಾಯಿತು. ಕಾರ್ಡು ಓದಲು ಬಾಯಿ ಬೇಕಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಿಂದೊಮ್ಮೆ ಯುದ್ಧ ಮಾಡಿದ್ದ ಎರಡು ದೇಶಗಳ ಮಂತ್ರಿಗಳು ಇಲ್ಲಿ ಸ್ನೇಹದ ಮಾತುಕತೆಗೆ ಸೇರಿದ್ದಾರೆ. ಯಾವ ದೇಶವೆಂದು ಬರೆಯುವುದಿಲ್ಲ, ಪೋಸ್ಟ್‌ಮ್ಯಾನ್ ಓದುತ್ತಾನೆ. ಅವರ ಮೇಜು, ಕುರ್ಚಿಗಳ ಮರಗೆಲಸ ನನ್ನದು. ಒಬ್ಬನ ಕುರ್ಚಿ ಕೂದಲೆಳೆಯಷ್ಟು ಎತ್ತರವಾದರೂ ಇನ್ನೊಬ್ಬ ಕೂರುವುದಿಲ್ಲ. ಮೊದಲ ಎರಡು ದಿನವೂ ಕುರ್ಚಿ ಕಾಲು ಹೆರೆದದ್ದೇ ಹೆರೆದದ್ದು.

ನಿನ್ನೆ ಫೋಟೋ ಪ್ರದರ್ಶನದ ಟೇಪು ಕತ್ತರಿಸುವಾಗ ಒಬ್ಬ ಮಂತ್ರಿ ಕತ್ತರಿಯನ್ನು ಇನ್ನೊಬ್ಬನ ಕೈಗೇ ಕೊಡಹೋದ. ನನಗೆ ತಡೆಯಲಾಗಲಿಲ್ಲ. “ಕೈಗ್ ಕೊಡ್‌ಬ್ಯಾಡಿ ಸ್ವಾಮಿ, ಜಗಳ ಆಯ್ತದೆ! ಕೆಳಗ್ ಮಡಗ್ಬುಡಿ!” ಎಂದು ಕೂಗಿಬಿಟ್ಟೆ. ಬಂದೂಕಿನವರು ನಾಲ್ವರು ನನ್ನ ಮೇಲೆ ಬಿದ್ದರು. ಪುಣ್ಯಕ್ಕೆ ಅಧಿಕಾರಿಗಳಲ್ಲಿ ಪಾಂಡವಪುರದ ಒಬ್ಬಾಕೆ ಇದ್ದಳು, ಅರ್ಥ ಬಿಡಿಸಿ ಹೇಳಿದಳು. “ನಮ್ಮಲ್ಲೂ ಹಾಗೇ” ಎಂದರಂತೆ ಮಂತ್ರಿಗಳಿಬ್ಬರೂ. ಮೂರು ದಿನದಲ್ಲಿ ಅವರು ಒಪ್ಪಿದ ಮೊದಲ ಮಾತು ಇದು. ಒಬ್ಬ ಕತ್ತರಿಯನ್ನು ಮೇಜಿನ ಮೇಲಿಟ್ಟ, ಇನ್ನೊಬ್ಬ ಎತ್ತಿಕೊಂಡ.

ನನ್ನ ಮೊಣಕೈ ತರಚಿದೆ, ಉಳಿದಂತೆ ಆರೋಗ್ಯ. ಮುದ್ದೆಯಿಲ್ಲದೆ ಹೊಟ್ಟೆ ಮಾತ್ರ ನಿನ್ನ ಹಾಗೆ ಮುನಿಸಿಕೊಂಡಿದೆ.

ಅಪ್ಪ ತೀರಿಕೊಂಡ ಮೇಲೆ ಅವರ ಉಳಿಯನ್ನು ನೀನು ನನ್ನ ಕೈಗೇ ಕೊಟ್ಟೆ. ಅವತ್ತೇ ಜಗಳವಾಯಿತು, ಅವತ್ತೇ ನೀನು ಅದನ್ನು ವಾಪಸು ಕಿತ್ತುಕೊಂಡೆ. ಭಾನುವಾರ ಬರುತ್ತೇನೆ. ಅದನ್ನು ಜಗಲಿಯ ಮೇಲೆ ಇಟ್ಟು ಒಳಗೆ ಹೋಗು. ನಾನೇ ಎತ್ತಿಕೊಳ್ಳುತ್ತೇನೆ.

ಮೌನೇಶ