ಅಲುಗಾಡದವರ ಹಾಜರಿ

ದಾವಣಗೆರೆ
೨೪ ಫೆಬ್ರವರಿ ೧೯೮೫

ಪ್ರೀತಿಯ ಹಿದಾಯತ್,

ಈ ತಿಂಗಳ ಹನ್ನೊಂದರಂದು, ಸೋಮವಾರ, ನಮ್ಮ ವಾಚನಾಲಯದ ಆಡಳಿತ ಮಂಡಳಿ ಸಂಜೆಯ ಓದನ್ನು ನಿಲ್ಲಿಸಿತು. ಈಗ ಐದೂವರೆಗೇ ಮೇಲಿನ ಕೋಣೆಗೆ ಬೀಗ ಬೀಳುತ್ತದೆ. ಬಾಗಿಲಿಗೆ ಅಂಟಿಸಿದ ಠರಾವನ್ನು ಒಂದಕ್ಷರ ಬಿಡದೆ ಬರೆದುಕೊಂಡು ಬಂದಿದ್ದೇನೆ: 'ಸಂಜೆ ಆರರಿಂದ ಎಂಟೂವರೆಯವರೆಗೆ ವಾಚನ ಕೊಠಡಿಯಲ್ಲಿ ಓದುಗರು ಇರುವುದಿಲ್ಲವೆಂಬುದು ಸ್ವಯಂಚಾಲಿತ ದೀಪದ ಮೀಟರಿನಿಂದ ಸಿದ್ಧಪಟ್ಟಿರುತ್ತದೆ. ಮೆಟ್ಟಿಲಿನ ದೀಪ ಮಾತ್ರ ಬಹಳ ಹೊತ್ತು ಉರಿದಿದ್ದು, ಅಲ್ಲಿ ಕೂರುವ ಪೋಲಿಗಳನ್ನು ತಡೆಯತಕ್ಕದ್ದು.'

ಆ ದೀಪ ನೀನು ಮಾಡಿದ್ದು.

ಉಭಯ ಕುಶಲ ಎಂದು ಮೊದಲಿಗೆ ಬರೆಯಬೇಕಿತ್ತು. ಕೈ ಬರಲಿಲ್ಲ. ನನಗೆ ಅರವತ್ತೆಂಟು ತುಂಬಿತು. ಮೂವತ್ತೊಂಬತ್ತು ವರ್ಷ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿ ಬಗ್ಗಿದ ಕುತ್ತಿಗೆ ಇನ್ನು ನೇರವಾಗುವುದಿಲ್ಲ. ಜಗಳಕ್ಕೂ ಈಗ ಮೊದಲಿನ ಉಸಿರಿಲ್ಲ. ಆದರೆ ನೆನಪು ಮಾತ್ರ ನನ್ನನ್ನು ಬಿಟ್ಟು ಹೋಗಲೊಲ್ಲದು. ಅದೇ ನನ್ನ ಕಾಯಿಲೆ ಎಂದು ನಿನ್ನ ಅಪ್ಪ ನಗುತ್ತಿದ್ದ.

ಹೋದ ವರ್ಷ ಕರೆಂಟಿನ ಬರ ನಿನಗೂ ಗೊತ್ತಿದೆ. ದೀಪ ಕಡಿಮೆ ಉರಿಸಿ, ಇಲ್ಲವಾದರೆ ಕೋಣೆ ಮುಚ್ಚುತ್ತೇವೆ ಎಂದು ಮಂಡಳಿ ಗೊಣಗುತ್ತಿದ್ದಾಗ, ಹರಿಹರದ ನಿನ್ನ ರೇಡಿಯೋ ರಿಪೇರಿ ಅಂಗಡಿಯಿಂದ ಕೋಣೆಗೊಂದು, ಮೆಟ್ಟಿಲಿಗೊಂದು ಎಂದು ಎರಡು ತಗಡಿನ ಪೆಟ್ಟಿಗೆ ಹಿಡಿದು ಬಂದವನು ನೀನು. ಕಿವಿಗೆ ಕೇಳದ ಒಂದು ಸದ್ದನ್ನು ಅದು ಕೋಣೆಯೊಳಗೆ ಬಿಡುತ್ತದೆ, ಯಾರಾದರೂ ಅಲುಗಾಡಿದರೆ ಮರಳಿ ಬರುವ ಸದ್ದು ಬೇರೆಯಾಗುತ್ತದೆ, ಆಗ ದೀಪ ತಾನೇ ಹತ್ತಿ ಐದು ನಿಮಿಷ ಉರಿಯುತ್ತದೆ ಎಂದು ನೀನು ವಿವರಿಸಿದ್ದೆ. ದೀಪ ಎಷ್ಟು ಹೊತ್ತು ಉರಿಯಿತೆಂದು ತಿಳಿಯಲು ಎರಡಕ್ಕೂ ಪಕ್ಕದಲ್ಲಿ ಒಂದೊಂದು ಚಿಕ್ಕ ಮೀಟರನ್ನೂ ಕೂಡಿಸಿದೆ. ಹತ್ತಿಯ ಮೂಟೆ ಹೊರುವ ನಮ್ಮ ಬೋರಣ್ಣ ಮೆಟ್ಟಿಲ ಮೇಲೆ ನಾಲ್ಕು ಸಲ ಹತ್ತಿ ಇಳಿದು ದೀಪ ಹತ್ತುವುದನ್ನು ಕಣ್ತುಂಬ ನೋಡಿದ. "ಏನ್ ಮರ್ಯಾದಿ ಕೊಡ್ತೈತಪ್ಪ ಇದು, ನನ್ ಸೊಸೆಗಿಂತ ವಾಸಿ" ಎಂದ. ಸುಳ್ಳೇಕೆ ಹೇಳಲಿ, ಮೆಟ್ಟಿಲ ಮೇಲೆ ಅದು ಇಂದಿಗೂ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಅಲ್ಲಿ ಬರುವವರೆಲ್ಲ ನಡೆಯುವವರು.

ತೊಂದರೆ ಶುರುವಾದದ್ದು ಮೇಲಿನ ಕೋಣೆಯಲ್ಲಿ. ಕಿಟಕಿಯ ಗಾಳಿಗೆ ಸ್ಟ್ಯಾಂಡಿನ ಪತ್ರಿಕೆಗಳು ಪಟಪಟಿಸಿದರೂ ದೀಪ ಹತ್ತುತ್ತಿತ್ತು. ಯಾರೂ ಇಲ್ಲದಾಗಲೂ ಉರಿಯುತ್ತದೆ ಎಂದು ಮಂಡಳಿಯವರು ಆಕ್ಷೇಪಿಸಿದರು. ನವೆಂಬರ್ ಒಂದನೆಯ ವಾರ ನೀನು ಬಂದು, ಏಣಿ ಹತ್ತಿ, ಪೆಟ್ಟಿಗೆಯ ಹಿಂದಿನ ತಿರುಪನ್ನು ಕಾಲು ಸುತ್ತು ತಿರುಗಿಸಿ ಹೋದೆ. ಅಂದಿನಿಂದ ಪತ್ರಿಕೆ ಪಟಪಟಿಸಿದರೆ ದೀಪ ಹತ್ತಲಿಲ್ಲ. ಮನುಷ್ಯ ಹಾಳೆ ತಿರುವಿದರೂ ಹತ್ತಲಿಲ್ಲ.

ಕೋಣೆಯೊಳಗೆ ಹೋದರೆ ಬೆಳಕು. ಕುರ್ಚಿ ಎಳೆದು ಕೂತರೆ ಬೆಳಕು. ಓದು ಹಿಡಿಯುವಷ್ಟರಲ್ಲಿ ಕತ್ತಲೆ. ಬೋರಣ್ಣ ಎದ್ದು ಟವೆಲ್ ಬೀಸುವನು, ದೀಪ ಬರುವುದು, ಐದು ನಿಮಿಷಕ್ಕೆ ಮತ್ತೆ ಹೋಗುವುದು. "ನಾನು ಪೇಪರ್ ಓದಾಕ ಬರ್ತೀನೋ, ನೊಣ ಹೊಡ್ಯಾಕ ಬರ್ತೀನೋ?" ಎಂದು ಒಂದು ವಾರ ನಗಿಸಿದ. ಆಮೇಲೆ ಅವನಿಗೂ ಬೇಸರವಾಯಿತು. ನಾನು, ಅವನು, ಇನ್ನಿಬ್ಬರು ಕಿಟಕಿಯ ಬಳಿಗೆ ಬೆಂಚು ಎಳೆದುಕೊಂಡು ಬೀದಿದೀಪದ ಬೆಳಕಿನಲ್ಲಿ ಓದತೊಡಗಿದೆವು. ಹುಲಿಗೆಮ್ಮ ಮೆಟ್ಟಿಲಿಗೆ ಹೋದಳು.

ಹುಲಿಗೆಮ್ಮನನ್ನು ನೀನು ನೋಡಿದ್ದೀಯ. ಕುಕ್ಕುವಾಡದಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಹಗಲೆಲ್ಲ ಒಂದು ದವಾಖಾನೆಯಲ್ಲಿ ಕಸ ಗುಡಿಸುತ್ತಾಳೆ. ಎಸ್ಸೆಸ್ಸೆಲ್ಸಿ ಪಾಸಾದರೆ ವಾರ್ಡಿನೊಳಗೆ ಕೆಲಸ ಕೊಡುತ್ತೇವೆ ಎಂದಿದ್ದಾರೆ. ಮನೆಯೆಂದರೆ ಒಂದೇ ಅಂಕಣ, ಆರು ಜನ, ಒಂದು ಚಿಮಣಿ ದೀಪ. ಅವಳಿಗೆ ಓದಲು ಇದ್ದದ್ದು ನಮ್ಮ ಕೋಣೆಯ ಆ ಎರಡೂವರೆ ಗಂಟೆ. ಕೆಳಗಿನ ಅಂಗಡಿಗಳಿಗೆ ಬರುವವರು ಮೆಟ್ಟಿಲ ಬುಡದಲ್ಲಿ ಓಡಾಡುವುದರಿಂದ ಅಲ್ಲಿನ ದೀಪ ಆರುತ್ತಿರಲಿಲ್ಲ. ಅವಳು ಏಳನೆಯ ಮೆಟ್ಟಿಲ ಮೇಲೆ ಸೆರಗು ಬಿಗಿದು, ಗಣಿತದ ಪುಸ್ತಕ ತೊಡೆಯ ಮೇಲಿಟ್ಟು ಕೂರುವಳು. ಯಾರದೋ ನಡಿಗೆಯಿಂದ ಹತ್ತಿದ ಬೆಳಕಿನಲ್ಲಿ ಮೂರು ತಿಂಗಳು ಓದಿದಳು.

ಇದನ್ನೆಲ್ಲ ನಿನಗೆ ಆಗಲೇ ಏಕೆ ಹೇಳಲಿಲ್ಲ?

ಡಿಸೆಂಬರಿನಲ್ಲಿ ನೀನು ಬಂದೆ. ಮಧ್ಯಾಹ್ನ, ಬಿಸಿಲಿದ್ದಾಗ. "ಹೆಂಗೈತಿ ಕಾಕಾ, ನಮ್ ದೀಪ?" ಎಂದು ಕೇಳಿದೆ. ನಿನ್ನ ಮುಖದಲ್ಲಿ ನಿನ್ನ ಅಪ್ಪ ಮಸ್ತಾನಸಾಬನ ಮುಖವಿತ್ತು. ಪ್ರೆಸ್ಸಿನ ಟ್ರೆಡಲ್ ಯಂತ್ರದಿಂದ ಮೊದಲ ಹಾಳೆ ತೆಗೆದು, ಅಚ್ಚು ಸರಿಯಾಗಿ ಬಿದ್ದಿದೆಯೇ ಎಂದು ನನ್ನತ್ತ ನೋಡುತ್ತಿದ್ದನಲ್ಲ, ಅದೇ ನೋಟ. ಅವನಿಗೆ ನಾನು ಒಂದು ದಿನವೂ ಸುಳ್ಳು ಹೇಳಿದವನಲ್ಲ. ಅಚ್ಚು ಮಸುಕಾಗಿದ್ದರೆ ಮಸುಕು ಎಂದೆ. ನಿನಗೆ ಮಾತ್ರ "ಚಲೋ ಐತಪ್ಪ" ಎಂದುಬಿಟ್ಟೆ. ಬೋರಣ್ಣನೂ ತಲೆಯಾಡಿಸಿದ. ತಂದೆಯಿಲ್ಲದೆ ತನ್ನ ಕೈಯಿಂದ ಮೇಲೆ ಬಂದವನು, ಮೊದಲ ಕೆಲಸ, ಮನಸ್ಸು ನೋಯಿಸುವುದು ಬೇಡ ಎಂದುಕೊಂಡೆವು. ನಿನ್ನ ಯಂತ್ರ ಕೆಟ್ಟದ್ದಲ್ಲ, ಹಿದಾಯತ್. ಅದನ್ನು ಕೆಡಿಸಿದ್ದು ನಮ್ಮ ಈ ಹೊಗಳಿಕೆ. ಅಂದು ಬಾಯಿ ಬಿಟ್ಟಿದ್ದರೆ ಕಾಲು ಸುತ್ತಿನಲ್ಲಿ ಮುಗಿಯುತ್ತಿತ್ತು.

ನಿನ್ನ ಅಪ್ಪ ಆ ಕೋಣೆಯಲ್ಲಿ ಓದುತ್ತಿದ್ದುದು ನಿನಗೆ ನೆನಪಿರಬೇಕು. ಹಗಲಿಡೀ ಕಾಲಿನಿಂದ ಯಂತ್ರ ತುಳಿದವನು ಸಂಜೆ ಕೂತನೆಂದರೆ ಎರಡೂ ಕೈ ಮಂಡಿಯ ಮೇಲೆ, ಕಣ್ಣು ಪತ್ರಿಕೆಯ ಮೇಲೆ. ಕೈಯ ಮೇಲೆ ನೊಣ ಕೂತರೂ ಅಲುಗಿಸುತ್ತಿರಲಿಲ್ಲ. "ಮಸ್ತಾನಸಾಬ್ರು ಓದಾಕ ಕುಂತ್ರೆ ಗುಬ್ಬಿ ಬಂದು ಗೂಡು ಕಟ್ತಾವ್ರಿ" ಎಂದು ಬೋರಣ್ಣ ಹಂಗಿಸಿದರೆ, ಆ ಪುಟ ಮುಗಿದ ಮೇಲೆ ನಗುತ್ತಿದ್ದ. ಹದಿನೆಂಟು ವರ್ಷ ಒಂದೇ ಕುರ್ಚಿ. ನಿನ್ನ ಮೀಟರಿನ ಲೆಕ್ಕದಲ್ಲಿ ಅವನೂ ಆ ಕೋಣೆಗೆ ಬಂದವನಲ್ಲ.

ಠರಾವು ಅಂಟಿಸಿದ ದಿನ ಹುಲಿಗೆಮ್ಮ ನನಗಿಂತ ಮೊದಲೇ ಬಾಗಿಲ ಮುಂದೆ ನಿಂತಿದ್ದಳು. ಬೆರಳಿಟ್ಟು ನಿಧಾನವಾಗಿ ಓದಿ ಮುಗಿಸಿ, ನನ್ನತ್ತ ತಿರುಗಿ ಕೇಳಿದಳು: "ಅಜ್ಜಾರ, ಇದ್ರಾಗ ಪೋಲಿಗಳು ಅಂತ ಬರ್ದಿರೋದು ನನಗೇನ್ರಿ?"

ನಾನು ಪೆನ್ಸಿಲ್ ತೆಗೆದು ಆ ಠರಾವನ್ನು ಬರೆದುಕೊಳ್ಳತೊಡಗಿದೆ.

ಅಧ್ಯಕ್ಷ ಮಾಲತೇಶಪ್ಪನವರ ಮನೆಗೆ ಹೋದೆ. ದೇವರಾಜ ಅರಸು ಬಡಾವಣೆಯ ಹೊಸ ಮನೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಚಹಾ ಕುಡಿಸಿ, "ನಮ್ ಕೂಡ ಜಗಳಾಡ್ರಿ, ಮೀಟರಿನ ಕೂಡ ಹೆಂಗೆ ಜಗಳಾಡ್ತೀರಿ? ಅದಕ್ಕೇನು ನಮ್ಮವರು, ನಿಮ್ಮವರು ಐತೇನ್ರಿ? ಮಾಡಿದ ಹುಡುಗನೇ ಬಂದು ತಪ್ಪೈತಿ ಅನ್ಲಿ, ನೋಡಾನ" ಎಂದರು. ನನಗೆ ೧೯೬೭ ನೆನಪಾಯಿತು. ಹೆಂಗಸರ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ ಎಂದು ಆಗಿನ ಮಂಡಳಿ ಅದನ್ನು ತೆಗೆದುಹಾಕಿತ್ತು. ಬೆಂಚನ್ನು ಬೀಡಿ ಸೇದುವವರ ಎದುರಿಗೆ ಇಟ್ಟದ್ದನ್ನು ಯಾರೂ ಬರೆದಿರಲಿಲ್ಲ. ಆಗ ಕಾರ್ಯದರ್ಶಿ ತನ್ನ ಹೆಸರಿನಲ್ಲಿ ಸುಳ್ಳು ಬರೆದು ಸಹಿ ಹಾಕಬೇಕಾಗಿತ್ತು, ನಾವು ಅವನ ಮನೆಯ ಮುಂದೆ ಹೋಗಿ ಕೇಳಬಹುದಿತ್ತು. ಈ ಸಲ ಆ ಸಹಿಯ ಜಾಗದಲ್ಲಿ ನಿನ್ನ ಪೆಟ್ಟಿಗೆ ಇದೆ.

ಹೋದ ಗುರುವಾರ ಬಸ್ಸು ಹತ್ತಿ ಹರಿಹರಕ್ಕೆ ಬಂದದ್ದು ಇದನ್ನು ಹೇಳಲಿಕ್ಕೇ. ನಿನ್ನ ಅಂಗಡಿಯ ಗೋಡೆಯ ಮೇಲೆ ಅಧ್ಯಕ್ಷರು ಕೊಟ್ಟ ಪ್ರಶಂಸಾಪತ್ರ ಗಾಜಿನ ಚೌಕಟ್ಟಿನಲ್ಲಿತ್ತು. ಕಲ್ಯಾಣ ಮಂಟಪದವರೊಬ್ಬರು ಆ ಮೀಟರಿನ ಲೆಕ್ಕವನ್ನೇ ಕೈಯಲ್ಲಿ ಹಿಡಿದು ಆರು ಪೆಟ್ಟಿಗೆ ಬೇಕೆಂದು ಕೂತಿದ್ದರು. ಒಳಗಿನಿಂದ ನಿನ್ನ ತಾಯಿ ಸುಗ್ರಾಬಿ ಚಹಾ ತಂದು, "ನಿಮ್ ದೋಸ್ತ್ ಇದ್ದಿದ್ರೆ ಇದನ್ನ ನೋಡ್ತಿದ್ರು ಅಣ್ಣಾ" ಎಂದು ಕಣ್ಣೊರೆಸಿಕೊಂಡರು. ನಾನು ಚಹಾ ಕುಡಿದು, ದಾರಿಯಲ್ಲಿ ಹೋಗುತ್ತಿದ್ದೆ, ಹಾಗೇ ಬಂದೆ ಎಂದು ಇನ್ನೊಂದು ಸುಳ್ಳು ಹೇಳಿ ಎದ್ದುಬಂದೆ. ಎದುರಿಗೆ ಆಗದ್ದನ್ನು ಈಗ ಬರೆಯುತ್ತಿದ್ದೇನೆ.

ನಿನ್ನಿಂದ ಕೇಳುತ್ತಿರುವುದು ಸಣ್ಣದಲ್ಲ ಎಂದು ಬಲ್ಲೆ. ಯಂತ್ರ ತಪ್ಪು ಹೇಳಿತು ಎಂದು ನೀನೇ ನಿಂತು ಹೇಳಿದರೆ ಮಂಟಪದವರು ಹಿಂದೆ ಸರಿಯಬಹುದು. ಆ ಚೌಕಟ್ಟನ್ನು ಇಳಿಸಬೇಕಾಗಬಹುದು. ನಿನ್ನ ತಾಯಿಗೆ ನೀನೇ ಕಾರಣ ಹೇಳಬೇಕು. ಆದರೆ ಹುಲಿಗೆಮ್ಮನ ಪರೀಕ್ಷೆಗೆ ಉಳಿದಿರುವುದು ಕೆಲವೇ ವಾರ. ಮೆಟ್ಟಿಲಿನಿಂದಲೂ ಅವಳನ್ನು ಎಬ್ಬಿಸಿ ಕಳಿಸಿದ್ದಾರೆ.

ಮಾರ್ಚ್ ಹತ್ತನೆಯ ತಾರೀಕು, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಅದೇ ಕೋಣೆಯಲ್ಲಿ ಸದಸ್ಯರ ಸಭೆ. ನಾನು ಮೊದಲು ಎದ್ದು, ಡಿಸೆಂಬರಿನಲ್ಲಿ ನಿನಗೆ ಹೇಳಿದ ಸುಳ್ಳನ್ನು ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ. ಹುಲಿಗೆಮ್ಮನೂ ಬರುತ್ತಾಳೆ, ಬರುವಂತೆ ಹೇಳಿದ್ದೇನೆ. ನಿನ್ನ ಅಪ್ಪನ ಕುರ್ಚಿ ಖಾಲಿ ಇರುತ್ತದೆ.

ನಿನ್ನ ಕೈ ಹಿಡಿದ ಕೆಲಸಕ್ಕೆಲ್ಲ ಒಳಿತಾಗಲಿ, ನಿನ್ನ ಅಂಗಡಿ ಬೆಳೆಯಲಿ. ಇದು ಆ ಸಭೆಗೆ ನೀನು ಬಂದರೂ, ಬಾರದಿದ್ದರೂ ನಾನು ಕೊಡುವ ಆಶೀರ್ವಾದ. ಬಂದರೆ ಮಾತ್ರ, ಮಂಡಳಿ ಕೇಳಿದರೂ ಕೇಳದಿದ್ದರೂ, ಸಭೆಯ ನಡುವೆ ನಿಂತು ಒಂದು ಪ್ರಶ್ನೆಗೆ ಉತ್ತರ ಕೊಡು: ಈ ಮೂರು ತಿಂಗಳು ಆ ಕೋಣೆಯಲ್ಲಿ ಜನ ಇದ್ದರೋ, ಇಲ್ಲವೋ?

ನಿನ್ನ ಅಪ್ಪನ ಪಕ್ಕದ ಕುರ್ಚಿಯವನು,
ಮೈಲಾರಲಿಂಗಪ್ಪ