ಸೋದರಮಾವನ ತೊಡೆ

ದುರ್ಗಿಗುಡಿ, ಶಿವಮೊಗ್ಗ
9-2-1997

ಪ್ರೀತಿಯ ಉಮಕ್ಕನಿಗೆ ತಮ್ಮ ಶಿವಯೋಗಿಯ ಶರಣು.

ನಾನು, ಬಸವರಾಜೇಶ್ವರಿ ಇಬ್ಬರೂ ಚೆನ್ನಾಗಿದ್ದೇವೆ. ಪುಟ್ಟ ಗುರುವಿನ ಕಿವಿ ಚುಚ್ಚುವ ಶಾಸ್ತ್ರಕ್ಕೆ ಬಾ ಎಂದು ನೀನು ಬರೆದು ತಿಂಗಳಾಯಿತು. ಉತ್ತರ ತಡವಾಯಿತು, ಬೈಯಬೇಡ. ಭದ್ರಾವತಿ ಬಸ್ಸು ಹತ್ತಿದರೆ ಮುಗಿಯುವ ಮಾತಿಗೆ ಕಾಗದ ಏಕೆ ಎಂದು ಭಾವ ನಗಬಹುದು. ಎದುರು ಕೂತರೆ ಈ ಮಾತು ಗಂಟಲು ದಾಟುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ಬರುತ್ತೇನೆ. ನಿನ್ನ ಮಗನನ್ನು ನನ್ನ ತೊಡೆಯ ಮೇಲೇ ಕೂರಿಸಿಕೊಳ್ಳುತ್ತೇನೆ.

ನಿನ್ನ ಮಗಳು ಸ್ಫೂರ್ತಿಗೆ ಕಿವಿ ಚುಚ್ಚಿಸಿದ ದಿನ ಅಕ್ಕಸಾಲಿಗ ಬಂದು ಕೂತಿದ್ದ, ಮಗುವನ್ನು ಕೂರಿಸಿಕೊಳ್ಳಬೇಕಾದ ಸೋದರಮಾವ ಹಿತ್ತಿಲ ಬಾಗಿಲಿನಿಂದ ಪರಾರಿ. ಭಾವನ ಮೇಲಿನ ಸಿಟ್ಟಿಗೆ ಹೀಗೆ ಮಾಡಿದನೆಂದು ನೀನು ಆರು ವರ್ಷ ಮುಖ ಊದಿಸಿಕೊಂಡೆ. ಅಂಥ ಸಾಧು ಮನುಷ್ಯನ ಮೇಲೆ ಯಾರಿಗೆ ಸಿಟ್ಟು ಬರುತ್ತದೆ, ಮಾರಾಯ್ತಿ? ನನಗೆ ನನ್ನದೇ ಭಯವಿತ್ತು.

ಹೇಳಿಬಿಡುತ್ತೇನೆ. ನನಗೆ ಎಂಟು ವರ್ಷವಿದ್ದಾಗ ಆ ಟ್ಯೂಷನ್ ಮೇಷ್ಟ್ರು ಉಳಿದ ಮಕ್ಕಳನ್ನು ಕಳಿಸಿ ನನ್ನೊಬ್ಬನನ್ನು ಉಳಿಸಿಕೊಳ್ಳುತ್ತಿದ್ದ. ಮೈಮೇಲೆ ಕೈ ಹಾಕಿ ಮಾಡಬಾರದ್ದನ್ನೆಲ್ಲ ಮಾಡಿದ. ಒಂದಿಡೀ ವರ್ಷ. ಗಂಡುಹುಡುಗ ಇದನ್ನು ಯಾರ ಹತ್ತಿರ ಹೇಳಿಕೊಳ್ಳುತ್ತಾನೆ? ದೊಡ್ಡವನಾದ ಮೇಲೆ, ಹೀಗಾದವರು ಮುಂದೆ ತಾವೂ ಮಕ್ಕಳಿಗೆ ಹಾಗೇ ಮಾಡುತ್ತಾರೆಂದು ಎಲ್ಲೋ ಓದಿದೆ. ಅಲ್ಲಿಂದ ಯಾವ ಮಗುವನ್ನೂ ಎತ್ತಿಕೊಳ್ಳಲಿಲ್ಲ. ಮದುವೆಯಾದ ಮೇಲೂ ಮಕ್ಕಳು ಬೇಡವೆಂದು ಹಠ ಹಿಡಿದೆ. ನಿದ್ದೆ ಹೋಯಿತು, ಅಂಗಡಿಯಲ್ಲಿ ಗಿರಾಕಿಗಳ ಮೇಲೆ ರೇಗುತ್ತಿದ್ದೆ. ಕೊನೆಗೆ ಬಸವರಾಜೇಶ್ವರಿಯೇ ಬಾಯಿ ಬಿಡಿಸಿ, ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದಳು.

ಯಾರಾದರೂ ನೋಡಿಯಾರೆಂದು ತಲೆಗೆ ಟವೆಲ್ ಸುತ್ತಿಕೊಂಡು ಹೋದೆ. ಅಲ್ಲಿ ಬೆಂಚಿನ ಮೇಲೆ ಗಾಂಧಿ ಬಜಾರಿನ ನಮ್ಮ ಪಕ್ಕದಂಗಡಿಯ ಮೂರ್ತಪ್ಪ, ಆ ಸೆಕೆಯಲ್ಲೂ ಮಂಕಿ ಟೋಪಿ ಹಾಕಿಕೊಂಡು ಕೂತಿದ್ದಾನೆ. ಇಬ್ಬರೂ ತಲೆನೋವು ಎಂದು ಹೇಳಿಕೊಂಡೆವು. ಈಗ ನಾವು ಒಳ್ಳೆಯ ಸ್ನೇಹಿತರು.

ಡಾಕ್ಟರು ಎಲ್ಲ ಕೇಳಿಸಿಕೊಂಡು, "ಮಕ್ಕಳನ್ನ ನೋಡಿದ್ರೆ ನಿಮಗೆ ಆಸೆ ಆಗುತ್ತೋ, ಭಯ ಆಗುತ್ತೋ?" ಎಂದರು. ಭಯ ಎಂದೆ.

"ಅವನು ಮಾಡಿದ ತಪ್ಪಿಗೆ ನೀವು ನಿಮ್ಮನ್ನೇ ಕಾವಲು ಕಾಯ್ತಿದೀರಿ. ಇಂಥ ಭಯ ಇರೋರು ಬಹಳ ಜನ ಬರ್ತಾರೆ ನನ್ನ ಹತ್ರ. ಹೋಗಿ, ಮಗೂನ ಎತ್ಕೊಳ್ಳಿ."

ಕೆಳಗಿಳಿದು ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದೆ. ಎಷ್ಟೋ ವರ್ಷದ ಮೇಲೆ ನಾಲಿಗೆಗೆ ರುಚಿ ಹತ್ತಿತು. ಅದಾಗಿ ನಾಲ್ಕು ತಿಂಗಳು. ಈಗಲೂ ಹೋಗುತ್ತಿದ್ದೇನೆ. ಕೆಟ್ಟ ದಿನಗಳು ಇನ್ನೂ ಬರುತ್ತವೆ, ಆದರೆ ನಿದ್ದೆ ಬರುತ್ತಿದೆ. ಎದೆ ಹಗುರವಾಗಿದೆ ಅಕ್ಕ, ನಿಜವಾಗಿಯೂ.

ಭಾವನಿಗೆ ಶರಣು ತಿಳಿಸು. ಮಕ್ಕಳು ನೂರು ವರ್ಷ ಸುಖವಾಗಿರಲಿ.

ನಿನ್ನ ತಮ್ಮ,
ಶಿವಯೋಗಿ

ಮರೆತು ಉಳಿದದ್ದಲ್ಲ, ಧೈರ್ಯ ಸಾಲದೆ ಉಳಿದದ್ದು: ಟ್ಯೂಷನ್ನಿಗೆ ಹೋಗುವುದಿಲ್ಲವೆಂದು ನಾನು ಗೇಟಿನ ಕಂಬ ತಬ್ಬಿಕೊಂಡರೆ, ಬೆರಳು ಬಿಡಿಸಿ ಎಳೆದುಕೊಂಡು ಹೋಗಿ ಬಿಟ್ಟುಬರುತ್ತಿದ್ದವಳು ನೀನು. ಇಪ್ಪತ್ತೆರಡು ವರ್ಷ ಒಳಗೊಳಗೇ ನಿನ್ನ ಮೇಲೆ ಸಿಟ್ಟಿತ್ತು. ಹೋದ ವಾರ ಡಾಕ್ಟರು, ಆಗ ನಿಮ್ಮ ಅಕ್ಕನಿಗೆ ವಯಸ್ಸೆಷ್ಟು ಎಂದು ಕೇಳಿದರು. ಹನ್ನೊಂದು ಎಂದೆ. ಹೇಳಿದ ಮೇಲೆಯೇ ನನಗೂ ಗೊತ್ತಾದದ್ದು. ಅಮ್ಮ ಹೇಳಿದಂತೆ ಕೇಳಿದ ಮಗು ನೀನು. ಅಳಬೇಡ ಅಕ್ಕ.