ಹಗ್ಗ ಮುಟ್ಟಿದವರ ಪಾಲು

ನರಗುಂದ
೧೬ ಜನವರಿ ೨೦೨೫

ತಂಗಿ ಸಿದ್ದಲಿಂಗವ್ವನಿಗೆ ಅಣ್ಣ ಪ್ರಭುಲಿಂಗಪ್ಪನ ಆಶೀರ್ವಾದಗಳು. ಸುರೇಂದ್ರನಿಗೂ ತಿಳಿಸು.

ನಿನ್ನ ಕೊನೆಯ ಕಾರ್ಡಿಗೆ ಉತ್ತರ ಬರೆಯದೆ ಮೂವತ್ತು ವರ್ಷ ದಾಟಿದವು. ಅಂಗಡಿ, ಕಣ್ಣಿನ ಪೊರೆ ಎಂದು ನೆಪ ಹೇಳಬಹುದು; ಹೇಳುವುದಿಲ್ಲ. ಇಲ್ಲಿ ಕಡಲೆ ಚೆನ್ನಾಗಿದೆ. ನಮ್ಮ ಮನೆಯಾಕೆ, ನಿನ್ನ ವೈನಿ, ಸಂಕ್ರಾಂತಿಯ ಕುಸುರೆಳ್ಳು ಕಟ್ಟಿ ಕೊಟ್ಟಿದ್ದಾಳೆ, ಜೊತೆಗಿದೆ.

ಬರೆಯಲು ಕಾರಣ ನನ್ನ ಸಿಟ್ಟು. ಮೊನ್ನೆ ಭಾನುವಾರ ನಮ್ಮ ವಾಚನಾಲಯಕ್ಕೆ ಮಾನವಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಬಂದು ಕರಾವಳಿಯ ಜನರ ಮೇಲೆ ಮಾತಾಡಿದರು. ಗೋಡೆಗೆ ಒಂದು ನಕ್ಷೆ ಹಚ್ಚಿದ್ದರು. ಖಾರ್ವಿಗಳಿಗೆ ಒಂದು ಬಣ್ಣ, ಮುಸಲ್ಮಾನರಿಗೆ ಇನ್ನೊಂದು, ಕ್ರೈಸ್ತರಿಗೆ ಮತ್ತೊಂದು. ಸಮುದ್ರ ಮಾತ್ರ ಖಾಲಿ. ತಡೆಯಲಾಗದೆ ಎದ್ದು ನಿಂತೆ.

"ಸರ್, ನೀವು ದಂಡಿ ಮ್ಯಾಲ ಗೆರಿ ಹಾಕೀರಿ. ಆ ಮಂದಿ ಜಗ್ಗೂ ಹಗ್ಗ ಒಂದ ಐತ್ರಿ. ನಾ ಕಣ್ಣಾರೆ ನೋಡೀನಿ."

ನೀನು ಅಲ್ಲಿನ ದವಾಖಾನೆಯಲ್ಲಿ ನರ್ಸ್ ಆಗಿ, ಸುರೇಂದ್ರ ಖಾರ್ವಿಯನ್ನು ಮದುವೆಯಾಗಿ, ಅಪ್ಪ ನಿನ್ನ ಹೆಸರು ಎತ್ತುವುದನ್ನೇ ಬಿಟ್ಟ ವರ್ಷ ನಾನೊಬ್ಬನೇ ಹೊನ್ನಾವರದ ಬಸ್ಸು ಹತ್ತಿ ಬಂದಿದ್ದೆನಲ್ಲ, ಆ ದಿನವನ್ನೇ ಸಭೆಗೆ ಹೇಳಿದೆ. ದಂಡೆಯಲ್ಲಿ ರಂಪಣಿ ಎಳೆಯುತ್ತಿದ್ದರು. ಅಷ್ಟು ದೊಡ್ಡ ಬಲೆಯನ್ನು ನಾನು ಕಂಡಿರಲಿಲ್ಲ. ಒಂದೊಂದು ತುದಿಗೆ ನಲವತ್ತು ಜನ. ಸುರೇಂದ್ರನ ಬೆನ್ನಿಗೆ ಆಶಿಕ ಸಾಹೇಬರು, ಅವರ ಬೆನ್ನಿಗೆ ಕೊರಳಲ್ಲಿ ಶಿಲುಬೆಯ ಅಂತೋನ. ಒಬ್ಬ ಕೊಂಕಣಿಯಲ್ಲಿ ಕೂಗಿದರೆ ಇನ್ನೊಬ್ಬ ತನ್ನ ಮಾತಿನಲ್ಲಿ ಬೈಯುತ್ತಿದ್ದ. ಹೆಜ್ಜೆ ಮಾತ್ರ ಎಲ್ಲರದೂ ಒಟ್ಟಿಗೇ ಬೀಳುತ್ತಿತ್ತು. ನಾನೂ ಧೋತರ ಎತ್ತಿ ಕಟ್ಟಿ ಹಗ್ಗ ಹಿಡಿದೆ. ಹಂಚುವ ಹೊತ್ತಿಗೆ ಆಶಿಕ ಸಾಹೇಬರು ಬಾಳೆಲೆಯಲ್ಲಿ ನಾಲ್ಕು ಬಂಗುಡೆ ಮೀನು ಇಟ್ಟು ನನ್ನ ಮುಂದೆ ಹಿಡಿದರು.

"ಹಗ್ಗ ಮುಟ್ಟಿದವ್ರಿಗೆಲ್ಲ ಪಾಲು ಅದೆ."

ಸಭೆ ಚಪ್ಪಾಳೆ ತಟ್ಟಿತು. ಪ್ರಾಧ್ಯಾಪಕರು ಬರೆದುಕೊಂಡರು. ಆಮೇಲೆ ತಲೆಯೆತ್ತಿ ಕೇಳಿದರು: "ನಿಮ್ಮ ಪಾಲು ಏನು ಮಾಡಿದ್ರಿ?"

ನಾನು ನಕ್ಕು ಕುಳಿತೆ.

ಸಭೆಗೆ ಜೊತೆಗೆ ಬಂದಿದ್ದ ನಿನ್ನ ವೈನಿ ಮನೆಯ ದಾರಿಯುದ್ದಕ್ಕೂ ಚುಚ್ಚಿದಳು: "ಊರ ಮಂದಿಗೆ ಹೇಳಾಕ ಬಾಯಿ ಬರತೈತಿ. ತಂಗಿಗೆ ನಾಕ ಸಾಲು ಬರ್ಯಾಕ ಕೈ ಬರಂಗಿಲ್ಲೇನ್ರಿ?"

ಸಂಜೆ ಗುಡ್ಡದ ಕಡೆ ತಿರುಗಾಡಲು ಹೋದಾಗ ಪಡುವಣ ಗಾಳಿಗೆ ಮುಖ ಕೊಟ್ಟು ನಿಲ್ಲುತ್ತೇನೆ. ಅದು ನಿಮ್ಮ ಕಡೆಯಿಂದಲೇ ಬರುವುದು. ಇಷ್ಟು ದೂರ ಬರುವಷ್ಟರಲ್ಲಿ ಉಪ್ಪೆಲ್ಲ ಕಳೆದುಹೋಗಿರುತ್ತದೆ.

ನಿಮ್ಮ ಮನೆ ತಣ್ಣಗಿರಲಿ. ಹೋದ ದೋಣಿ ಸುಖವಾಗಿ ಮರಳಲಿ.

ಇಂತಿ ನಿನ್ನ ಅಣ್ಣ,
ಪ್ರಭುಲಿಂಗಪ್ಪ

ತಾ.ಕ.: ಸಭೆಯಲ್ಲಿ ಹೇಳದೆ ಉಳಿಸಿಕೊಂಡದ್ದು ನಿನಗೆ ಗೊತ್ತಿದೆ. ಆ ಎಲೆಯನ್ನು ಮರಳಿನ ಮೇಲಿಟ್ಟು, ಎಲ್ಲರೂ ನೋಡುತ್ತಿರುವಾಗ ಸಮುದ್ರದಲ್ಲಿ ಮೂರು ಸಲ ಕೈ ತೊಳೆದುಕೊಂಡೆ. ನೀನು ಬಂದು ಎಲೆ ಎತ್ತಿಕೊಂಡೆ. "ತಿನ್ನಂತ ಯಾರ ಹೇಳ್ಯಾರಣ್ಣ? ಮನಿತನಕ ಹಿಡಕೊಂಡ ಬಂದಿದ್ರ ಸಾಕಾಗಿತ್ತು" ಅಂದೆ. ನಾನು ನಿನ್ನ ಮನೆಯ ಹೊಸ್ತಿಲು ತುಳಿಯದೆ ಆ ಹೊತ್ತಿನ ಬಸ್ಸಿಗೇ ಹೊರಟುಬಿಟ್ಟೆ. ಮೀನು ನನಗೆ ಇವತ್ತಿಗೂ ಆಗುವುದಿಲ್ಲ. ಮನೆತನಕ ಹಿಡಿದುಕೊಂಡು ಬರಬಲ್ಲೆ. ಬರಲೇ?